ಥೆರಪಿ ಕೇಂದ್ರವೋ, ವಸತಿ ಶಾಲೆಯೋ, ಮನೆಯ ಬಾಗಿಲೋ? ವಿಕಲಚೇತನ ಮಗುವಿನ ಪುನರ್ವಸತಿಗೆ ದಾರಿ ಆರಿಸಿಕೊಳ್ಳುವವರಿಗೆ

ಜಿಲ್ಲಾ ಆಸ್ಪತ್ರೆಯಿಂದ ಹೊರಬರುವ ತಂದೆತಾಯಿಯ ಕೈಯಲ್ಲಿ ಸಾಮಾನ್ಯವಾಗಿ ಒಂದು ಚೀಟಿ ಇರುತ್ತದೆ. ಮಗುವಿನ ತೊಂದರೆಯ ಹೆಸರು, ಅದರ ಕೆಳಗೆ ‘ಫಿಸಿಯೋಥೆರಪಿ ಮಾಡಿಸುವುದು’ ಎಂಬ ಒಂದು ಸಾಲು. ಎಲ್ಲಿ, ಯಾರಿಂದ, ಎಷ್ಟು ವರ್ಷ ಎಂಬುದು ಅದರಲ್ಲಿರುವುದಿಲ್ಲ. ಊರು ಮುಟ್ಟುವಷ್ಟರಲ್ಲಿ ಸಲಹೆಗಳು ಸೇರಿಕೊಳ್ಳುತ್ತವೆ. ಪಟ್ಟಣದ ಥೆರಪಿ ಕೇಂದ್ರಕ್ಕೆ ವಾರಕ್ಕೆರಡು ಸಲ ಕರೆದೊಯ್ಯಿರಿ ಎಂದು ಒಬ್ಬರು, ಬೆಂಗಳೂರಿನಲ್ಲಿ ವಸತಿ ಶಾಲೆಯಿದೆ, ಅಲ್ಲಿ ಬಿಟ್ಟುಬಿಡಿ ಎಂದು ಇನ್ನೊಬ್ಬರು, ಮುಂದಿನ ತಿಂಗಳು ತಾಲ್ಲೂಕಿನಲ್ಲಿ ಶಿಬಿರವಿದೆ, ಅಲ್ಲಿಯವರೆಗೆ ಕಾಯಿರಿ ಎಂದು ಮತ್ತೊಬ್ಬರು. ಪಂಚಾಯಿತಿಯ ಕಾರ್ಯಕರ್ತರು ಮನೆಗೇ ಬರುತ್ತಾರೆ, ಅವರನ್ನು ಕೇಳಿ ನೋಡಿ ಎನ್ನುವವರು ಕಡಿಮೆ. ಎಂದರೂ ಅದು ಬೇರೆ ಗತಿಯಿಲ್ಲದವರ ದಾರಿ ಎಂಬ ಧ್ವನಿಯಲ್ಲಿ ಹೇಳುತ್ತಾರೆ. ಕೊಪ್ಪಳ, ರಾಯಚೂರು ಕಡೆಯ ಹಳ್ಳಿಗಳಲ್ಲಿ ಹಲವು ವರ್ಷ ಫಿಸಿಯೋಥೆರಪಿಸ್ಟ್ ಆಗಿ ಮನೆಮನೆ ತಿರುಗಿದ ನನಗೆ ಆ ಧ್ವನಿಯ ಬಗ್ಗೆ ತಕರಾರಿದೆ. ಹೀಗೆ ಮನೆಯ ಬಾಗಿಲಿಗೇ ಬರುವ ಸಮುದಾಯ ಆಧಾರಿತ ಪುನರ್ವಸತಿ (ಸಿಬಿಆರ್) ಒಂದಿದ್ದರೆ ಸಾಕು, ಆಸ್ಪತ್ರೆಯೇ ಬೇಡ ಎನ್ನುವವರ ಬಗ್ಗೆಯೂ ಅಷ್ಟೇ ತಕರಾರಿದೆ.

ಹೋಲಿಸುವ ಮುನ್ನ ಒಂದು ಲೆಕ್ಕ

ಮೂರು ವರ್ಷದ ಮಗು ದಿನಕ್ಕೆ ಸುಮಾರು 12 ಗಂಟೆ ಎಚ್ಚರವಿರುತ್ತದೆ ಎಂದುಕೊಳ್ಳೋಣ. ವಾರಕ್ಕೆ 84 ಗಂಟೆ. ವಾರದಲ್ಲಿ ಎರಡು ಸಲ, ಸಲಕ್ಕೆ 45 ನಿಮಿಷದಂತೆ ಕೇಂದ್ರಕ್ಕೆ ಹೋದರೆ ಥೆರಪಿಯ ಹೊತ್ತು ಒಂದೂವರೆ ಗಂಟೆ. ಉಳಿದ 82 ಗಂಟೆಗೂ ಮಿಕ್ಕ ಹೊತ್ತಿನಲ್ಲಿ ಮಗು ಹೇಗೆ ಮಲಗಿರುತ್ತದೆ, ಯಾರ ಸೊಂಟದ ಮೇಲೆ ಯಾವ ಭಂಗಿಯಲ್ಲಿರುತ್ತದೆ, ಹೇಗೆ ಉಣ್ಣುತ್ತದೆ, ಯಾರ ಜೊತೆ ಮಾತು ಕೇಳುತ್ತದೆ ಎಂಬುದೇ ಅದರ ಬೆಳವಣಿಗೆಯ ಬಹುಪಾಲನ್ನು ತೀರ್ಮಾನಿಸುತ್ತದೆ. ಬೇರೊಬ್ಬರು ಕೈಕಾಲು ಹಿಡಿದು ಎಳೆದು ಮಡಚಿದರೆ ಮೆದುಳು ಕಲಿಯುವುದು ಅತ್ಯಲ್ಪ. ಮಗು ತಾನೇ ಕೈ ಚಾಚಿ ಲೋಟ ಹಿಡಿಯಲು ಸಾವಿರ ಸಲ ಯತ್ನಿಸಿದಾಗ ಕಲಿಯುತ್ತದೆ. ಆದ್ದರಿಂದ ಯಾವ ಆಯ್ಕೆಯನ್ನೇ ಆಗಲಿ ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ: ಇದು ಆ 82 ಗಂಟೆಗಳನ್ನು ಮುಟ್ಟುತ್ತದೆಯೇ? ಕಟ್ಟಡ, ಬಣ್ಣಬಣ್ಣದ ಚೆಂಡು, ಯಂತ್ರಗಳೆಲ್ಲ ಆ ಪ್ರಶ್ನೆಯ ನಂತರದ ಮಾತು.

ಥೆರಪಿ ಕೇಂದ್ರ

ಕೇಂದ್ರದ ಬಲವಿರುವುದು ಪರಿಣತಿಯಲ್ಲಿ. ಮಕ್ಕಳ ವೈದ್ಯರು, ಫಿಸಿಯೋಥೆರಪಿಸ್ಟ್, ವಾಕ್ ಮತ್ತು ಶ್ರವಣ ತಜ್ಞರು, ಮನಶ್ಶಾಸ್ತ್ರಜ್ಞರು ಒಂದೇ ಸೂರಿನಡಿ ಸಿಗುತ್ತಾರೆ. ಖಾಸಗಿಯಾದರೆ ಶುಲ್ಕವಿದೆ. ಸರ್ಕಾರಿ ವ್ಯವಸ್ಥೆಯಲ್ಲಿ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ತೊಂದರೆ ಕಂಡ ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕು. ಈ ಕೇಂದ್ರದ ಹೆಸರನ್ನು ಕೇಳದ ಪಾಲಕರೇ ಹೆಚ್ಚು. ‘ಡಿಇಐಸಿ ಎಲ್ಲಿದೆ’ ಎಂದು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿದರೆ ತೋರಿಸುತ್ತಾರೆ.

ದೌರ್ಬಲ್ಯ ದೂರದಲ್ಲಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಿಂದಾಗಿ ತಾಯಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚಿಲ್ಲ, ನಿಜ. ಆದರೆ 60 ಕಿಲೋಮೀಟರ್ ದೂರದ ಊರಿನಿಂದ ಹೋಗಿಬರಲು ನಾಲ್ಕು ಗಂಟೆ, ಸಾಲಿನಲ್ಲಿ ಒಂದೆರಡು ಗಂಟೆ, ಅಂದಿನ ಕೂಲಿ ಖೋತಾ, ಮನೆಯಲ್ಲಿ ಉಳಿದ ಮಕ್ಕಳನ್ನು ನೋಡಿಕೊಳ್ಳುವವರಿಲ್ಲ. ಸುಗ್ಗಿ ಬಂದರೆ ಹೋಗುವುದು ನಿಲ್ಲುತ್ತದೆ. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಎಂಟು ತಿಂಗಳು ತಪ್ಪದೆ ಒಂದು ಕೇಂದ್ರಕ್ಕೆ ಮಗಳನ್ನು ಕರೆದೊಯ್ದ ತಾಯಿಯೊಬ್ಬರನ್ನು, ಅಲ್ಲಿ ಏನು ಮಾಡಿಸುತ್ತಿದ್ದರು ಎಂದು ಕೇಳಿದೆ. ಅವರಿಗೆ ತಿಳಿದಿರಲಿಲ್ಲ, ಅವರನ್ನು ಪ್ರತಿ ಸಲವೂ ಹೊರಗಿನ ಬೆಂಚಿನ ಮೇಲೆ ಕೂರಿಸುತ್ತಿದ್ದರು. ತಾಯಿ ಬಾಗಿಲ ಹೊರಗಿದ್ದರೆ ಕಲಿತದ್ದು ಮನೆಗೆ ಬರುವುದು ಹೇಗೆ? ನೀವು ಆರಿಸುವ ಕೇಂದ್ರದಲ್ಲಿ ಮೊದಲ ದಿನವೇ ಕೇಳಬೇಕಾದ ಮಾತಿದು: ಮಗುವಿನ ಜೊತೆ ನಾನು ಒಳಗಿರಬಹುದೇ, ನನ್ನ ಕೈಯಿಂದ ಮಾಡಿಸಿ ತೋರಿಸುತ್ತೀರಾ?

ವಸತಿ ಶಾಲೆ

ಬಡತನ, ದಣಿವು, ಮುಂದಿನ ಮಕ್ಕಳ ಮದುವೆಯ ಚಿಂತೆ ಎಲ್ಲ ಸೇರಿ ವಸತಿ ಸಂಸ್ಥೆಯತ್ತ ಮನಸ್ಸು ತಿರುಗುವುದು ಸಹಜ. ಹಾಗೆ ಯೋಚಿಸಿದ ತಂದೆತಾಯಿಯನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ಕಾನೂನು ಏನು ಹೇಳುತ್ತದೆಂಬುದನ್ನು ತಿಳಿದಿರಬೇಕು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 9ನೇ ಕಲಮಿನ ಪ್ರಕಾರ, ಮಗುವಿನ ಹಿತಕ್ಕಾಗಿ ಸಕ್ಷಮ ನ್ಯಾಯಾಲಯ ಆದೇಶಿಸಿದ ಹೊರತು, ವಿಕಲತೆಯ ಕಾರಣಕ್ಕೆ ಯಾವ ಮಗುವನ್ನೂ ತಂದೆತಾಯಿಯಿಂದ ಬೇರ್ಪಡಿಸುವಂತಿಲ್ಲ. ಶಾಲೆಯೊಂದನ್ನು ಪಾಲಕರು ಆರಿಸಿಕೊಳ್ಳುವುದು ಬೇರೆ, ಮಗುವನ್ನು ಬಿಟ್ಟು ಬರುವುದು ಬೇರೆ.

ಬೌದ್ಧಿಕ ವಿಕಲತೆಯ ಅಥವಾ ಸೆರೆಬ್ರಲ್ ಪಾಲ್ಸಿಯ (ಎಳವೆಯಲ್ಲಿ ಮೆದುಳಿಗಾದ ಹಾನಿಯಿಂದ ಕೈಕಾಲಿನ ಚಲನೆ, ಭಂಗಿ ಹಿಡಿತ ತಪ್ಪುವ ತೊಂದರೆ) ಚಿಕ್ಕ ಮಗುವಿಗೆ ವಸತಿ ಸಂಸ್ಥೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಥ ಮಗು ಕಲಿಯಬೇಕಾದದ್ದು ತನ್ನ ಮನೆಯ ನೀರಿನ ಕೊಡ, ತನ್ನ ಓಣಿಯ ಅಂಗಡಿ, ತನ್ನವರ ಮುಖಗಳ ನಡುವೆ ಬದುಕುವುದನ್ನು. ಹತ್ತು ವರ್ಷ ಬೇರೆ ಕಡೆ ಬೆಳೆದು 18ಕ್ಕೆ ಮರಳಿದ ಹುಡುಗನಿಗೆ ಊರು ಅಪರಿಚಿತ, ಊರಿಗೆ ಅವನು ಅಪರಿಚಿತ.

ಇದಕ್ಕೊಂದು ದೊಡ್ಡ ಹೊರತಿದೆ, ಅದನ್ನು ಸಿಬಿಆರ್ ಮಂದಿ ಸುಲಭವಾಗಿ ಒಪ್ಪುವುದಿಲ್ಲ. ಹುಟ್ಟಿನಿಂದ ಕಿವಿ ಕೇಳದ, ಶ್ರವಣ ಸಾಧನದಿಂದಲೂ ಹೆಚ್ಚು ಪ್ರಯೋಜನವಾಗದ ಮಗು, ಸಂಜ್ಞಾ ಭಾಷೆ ಬಲ್ಲವರು ಒಬ್ಬರೂ ಇಲ್ಲದ ಹಳ್ಳಿಯಲ್ಲಿ, ಅಕ್ಕರೆಯ ಮನೆಯೊಳಗೇ ಭಾಷೆಯಿಲ್ಲದೆ ಬೆಳೆಯುತ್ತದೆ. ಭಾಷೆ ಹುಟ್ಟುವುದು ಅದನ್ನಾಡುವ ಜನರ ನಡುವೆ. ಅಂಥ ಮಗುವಿಗೆ ಶಾಲೆಯ ವಯಸ್ಸು ಬಂದಾಗ ಒಳ್ಳೆಯ ಕಿವುಡ ಮಕ್ಕಳ ವಸತಿ ಶಾಲೆ, ಹಬ್ಬ ರಜೆಗಳಿಗೆ ತಪ್ಪದೆ ಮನೆಗೆ ಬರುವ ಏರ್ಪಾಡಿನೊಂದಿಗೆ, ಊರಿನ ಶಾಲೆಯ ಹಿಂದಿನ ಬೆಂಚಿಗಿಂತ ಉತ್ತಮವಾಗಬಹುದು. ಬ್ರೈಲ್ ಕಲಿಸುವವರು ಹತ್ತಿರ ಸಿಗದ ಅಂಧ ಮಗುವಿನ ವಿಷಯದಲ್ಲೂ ಮೊದಲ ಕೆಲವು ವರ್ಷಗಳಿಗೆ ಇದೇ ಮಾತು ಸಲ್ಲುತ್ತದೆ.

ಶಿಬಿರ

ಶಿಬಿರದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಪ್ರಮಾಣಪತ್ರಕ್ಕೆ, ಸಾಧನ ಸಲಕರಣೆಯ ಅಳತೆಗೆ, ಶಸ್ತ್ರಚಿಕಿತ್ಸೆಗೆ ಯಾರು ತಕ್ಕವರೆಂದು ಗುರುತಿಸಲು ಅದು ಉಪಯುಕ್ತ. ಪುನರ್ವಸತಿ ಅಲ್ಲಿ ನಡೆಯುವುದಿಲ್ಲ. ಬೆಳೆಯುವ ಮಗುವಿನ ಕಾಲಿಗೆ ಕೊಟ್ಟ ಸ್ಪ್ಲಿಂಟ್ (ಕಾಲನ್ನು ಸರಿಯಾದ ಭಂಗಿಯಲ್ಲಿಡುವ ಆಸರೆ) ವರ್ಷದೊಳಗೆ ಬಿಗಿಯಾಗುತ್ತದೆ. ಶಿಬಿರದವರು ಅಷ್ಟರಲ್ಲಿ ಬೇರೆ ಜಿಲ್ಲೆಯಲ್ಲಿರುತ್ತಾರೆ. ದೊಡ್ಡವರ ಗಾಲಿಕುರ್ಚಿಯಲ್ಲಿ ಒಂದು ಪಕ್ಕಕ್ಕೆ ವಾಲಿ ಕುಳಿತ ಐದು ವರ್ಷದ ಮಕ್ಕಳನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಆ ಕುರ್ಚಿ ಬೆನ್ನನ್ನು ಇನ್ನಷ್ಟು ಸೊಟ್ಟ ಮಾಡುತ್ತದೆ. ರಿಪೇರಿ ಯಾರು ಮಾಡುತ್ತಾರೆ, ಅಳತೆ ಬದಲಾದರೆ ಎಲ್ಲಿಗೆ ಬರಬೇಕು ಎಂದು ಕೇಳಿ, ಉತ್ತರ ಸಿಕ್ಕರೆ ಮಾತ್ರ ಸಾಧನ ತೆಗೆದುಕೊಳ್ಳಿ.

ಮನೆಯ ಬಾಗಿಲಿಗೆ ಬರುವ ಪುನರ್ವಸತಿ

ಸಮುದಾಯ ಆಧಾರಿತ ಪುನರ್ವಸತಿ, ಕ್ಷೇತ್ರದಲ್ಲಿ ಎಲ್ಲರೂ ಕರೆಯುವಂತೆ ಸಿಬಿಆರ್, ಆಸ್ಪತ್ರೆಗಳು ತಲುಪಲಾರದ ಕಡೆ ಹುಟ್ಟಿದ ವಿಚಾರ. ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಸೇವೆ ಎಂದು ಸಾರಿದ 1978ರ ಆಲ್ಮಾ ಆಟಾ ಘೋಷಣೆಯ ನಂತರ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಮುಂದಿಟ್ಟಿತು. ಆರಂಭದಲ್ಲಿ ಅದು ಹೆಚ್ಚಾಗಿ ಮನೆಯಲ್ಲೇ ಮಾಡಿಸುವ ವ್ಯಾಯಾಮದ ಕಾರ್ಯಕ್ರಮವಾಗಿತ್ತು. 2010ರ ಮಾರ್ಗಸೂಚಿಯ ಹೊತ್ತಿಗೆ ಆರೋಗ್ಯ, ಶಿಕ್ಷಣ, ಜೀವನೋಪಾಯ, ಸಾಮಾಜಿಕ ಬದುಕು, ಸಬಲೀಕರಣ ಎಂಬ ಐದು ಅಂಗಗಳು ಸೇರಿದವು. ಅಂದರೆ ಮಗುವಿನ ಕಾಲಿನ ಜೊತೆಗೆ ಅಂಗನವಾಡಿಯ ಮೆಟ್ಟಿಲು, ತಂದೆಯ ಸಾಲ, ನೆರೆಯವರ ಬಾಯಿಮಾತು ಇವೂ ಕೆಲಸದ ವಿಷಯಗಳೇ.

ಕರ್ನಾಟಕದಲ್ಲಿ ಇದರ ಎರಡು ರೂಪಗಳಿವೆ. ಒಂದು ಸ್ವಯಂಸೇವಾ ಸಂಸ್ಥೆಗಳದ್ದು. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, 1994ರಿಂದ ಕೆಲಸ ಮಾಡುತ್ತಿರುವ ಮೊಬಿಲಿಟಿ ಇಂಡಿಯಾ ಇವು ಈ ಬಗೆಯ ಕೆಲಸಕ್ಕೆ ಪರಿಚಿತವಾದ ಹೆಸರುಗಳು. ಇನ್ನೊಂದು ಸರ್ಕಾರದ್ದು: ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ (ವಿಆರ್‌ಡಬ್ಲ್ಯೂ), ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ (ಎಂಆರ್‌ಡಬ್ಲ್ಯೂ). ಇವರು ಸಾಮಾನ್ಯವಾಗಿ ಸ್ವತಃ ವಿಕಲಚೇತನರೇ ಆಗಿರುತ್ತಾರೆ. ಇದರ ಬೆಲೆಯನ್ನು ಪಟ್ಟಣದವರು ಅರಿಯುವುದಿಲ್ಲ. ‘ನನ್ನ ಮಗ ಮುಂದೆ ಏನಾದಾನು’ ಎಂದು ಅಳುವ ತಾಯಿಯ ಮುಂದೆ, ಕ್ಯಾಲಿಪರ್ ಹಾಕಿಕೊಂಡು ಮೂರು ಚಕ್ರದ ಸ್ಕೂಟರಿನಲ್ಲಿ ಬಂದಿಳಿದ ಹೆಣ್ಣುಮಗಳೇ ಒಂದು ಉತ್ತರ.

ಅಂಥ ಒಬ್ಬ ಕಾರ್ಯಕರ್ತೆಯಿಂದ ನಾನು ಕಲಿತ ಪಾಠವನ್ನು ಇಲ್ಲಿ ಹೇಳಬೇಕು. ಯಲಬುರ್ಗಾ ತಾಲ್ಲೂಕಿನ ಒಂದು ಮನೆಯಲ್ಲಿ ಮೂರು ವರ್ಷದ ಹುಡುಗನಿದ್ದ. ಸೆರೆಬ್ರಲ್ ಪಾಲ್ಸಿ, ಎತ್ತಿ ನಿಲ್ಲಿಸಿದರೆ ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬೀಳುತ್ತಿದ್ದವು, ಕೂರಿಸಿದರೆ ಹಿಂದಕ್ಕೆ ಸೆಟೆಯುತ್ತಿದ್ದ. ನಾನು ಒಂಬತ್ತು ವ್ಯಾಯಾಮಗಳನ್ನು ಚಿತ್ರ ಸಮೇತ ಬರೆದುಕೊಟ್ಟು ಬಂದೆ. ತಿಂಗಳ ನಂತರ ಹೋದಾಗ ಆ ಹಾಳೆ ಗೋಡೆಯ ಮೊಳೆಯಲ್ಲಿ ಕ್ಯಾಲೆಂಡರಿನ ಹಿಂದೆ ಭದ್ರವಾಗಿತ್ತು. ಎಂಟು ಗಂಟೆಗೆ ಕೂಲಿಗೆ ಹೊರಡುವ ತಾಯಿಗೆ ಒಂಬತ್ತು ವ್ಯಾಯಾಮಕ್ಕೆ ಹೊತ್ತೆಲ್ಲಿಯದು? ಜೊತೆಗಿದ್ದ ಕಾರ್ಯಕರ್ತೆ ಹೊರಗೆ ಬಂದು ಮೆಲ್ಲಗೆ ಹೇಳಿದಳು: “ಒಂಬತ್ತು ಆಗೂದಿಲ್ರೀ ಸರ. ಒಂದ್ ಹೇಳ್ರಿ, ಅದನ್ನ ದಿನಾ ಮಾಡಸ್ತೀನಿ.”

ಮರುವಾರ ಬೆಳಿಗ್ಗೆ ಆರಕ್ಕೇ ಹೋದೆವು. ಒಲೆಯ ಎದುರಿನ ಮೂಲೆಯಲ್ಲಿ, ಎರಡು ಗೋಡೆ ಕೂಡುವ ಕಡೆ, ಹುಡುಗನನ್ನು ಕೂರಿಸಿದೆವು. ಮೂಲೆಯ ಗೋಡೆಗಳು ಅವನ ಭುಜಗಳನ್ನು ಮುಂದಕ್ಕೆ ತಳ್ಳಿ ಹಿಂದೆ ಸೆಟೆಯದಂತೆ ತಡೆದವು. ಮೊಣಕಾಲುಗಳ ನಡುವೆ ಗಟ್ಟಿಯಾಗಿ ಸುತ್ತಿದ ಕೌದಿ, ಮುಂದೆ ಒಂದು ಮಣೆ, ಮಣೆಯ ಮೇಲೆ ಒಂದು ಚೂರು ಜೋಳದ ಹಿಟ್ಟು. ತಾಯಿ ರೊಟ್ಟಿ ಬಡಿಯುವ ಮುಕ್ಕಾಲು ಗಂಟೆ ಅವನು ಅಲ್ಲೇ ಕುಳಿತು ಹಿಟ್ಟು ಹಿಸುಕುತ್ತಿದ್ದ. ಅಜ್ಜಿ ಕೈ ಬಿಡಿಸಿ ತೋರಿಸುತ್ತಿದ್ದಳು. ಖರ್ಚು ಸೊನ್ನೆ. ನಾಲ್ಕು ತಿಂಗಳಲ್ಲಿ ಕುತ್ತಿಗೆ ನಿಂತಿತು, ಬಲಗೈ ಚಾಚಿ ರೊಟ್ಟಿಯ ಚೂರು ಹಿಡಿಯುವುದು ಬಂತು. ನಡೆಯಲಿಲ್ಲ, ನಡೆಯುತ್ತಾನೆಂದು ನಾವು ಹೇಳಿಯೂ ಇರಲಿಲ್ಲ. “ಮೊದಲ ಮೂಲ್ಯಾಗ ಮಲಗಿರ್ತಿದ್ದ, ಈಗ ನಾ ಮಾಡೂದೆಲ್ಲಾ ನೋಡ್ತಾನ್ರೀ” ಎಂದಳು ತಾಯಿ. ಕೇಂದ್ರದಲ್ಲಿ ವಾರಕ್ಕೆ ಒಂದೂವರೆ ಗಂಟೆ ಸಿಗುವ ಅಭ್ಯಾಸ ಇಲ್ಲಿ ದಿನಕ್ಕೆ ಮುಕ್ಕಾಲು ಗಂಟೆ ಸಿಕ್ಕಿತು, ಅದೂ ತಾಯಿಯ ಕೆಲಸ ಕೆಡದೆ.

ಈ ದಾರಿ ಎಲ್ಲಿ ಸೋಲುತ್ತದೆ

ಸರ್ಕಾರಿ ಕಾರ್ಯಕರ್ತರಿಗೆ ಸಿಗುವುದು ಗೌರವಧನ. ಸಮೀಕ್ಷೆ, ಪಿಂಚಣಿ ಅರ್ಜಿ, ಗುರುತಿನ ಚೀಟಿಯ ಕೆಲಸದಲ್ಲೇ ಅವರ ದಿನಗಳು ಕಳೆಯುತ್ತವೆ. ಮಗುವನ್ನು ಕೂರಿಸುವ ಬಗೆ ಕಲಿಸಲು ತಕ್ಕ ತರಬೇತಿ ಎಲ್ಲರಿಗೂ ಸಿಕ್ಕಿರುವುದಿಲ್ಲ. ಸಂಸ್ಥೆಗಳ ಕಾರ್ಯಕ್ರಮಗಳಲ್ಲಿ ತರಬೇತಿ ಚೆನ್ನಾಗಿದ್ದರೂ ಅನುದಾನದ ಅವಧಿ ಮುಗಿದ ದಿನ ಭೇಟಿ ನಿಲ್ಲುವುದುಂಟು. ಎರಡನೆಯದಾಗಿ, ‘ಕುಟುಂಬದ ಪಾಲ್ಗೊಳ್ಳುವಿಕೆ’ ಎಂಬ ಚೆಂದದ ಮಾತಿನ ಅರ್ಥ ಬಹುತೇಕ ಮನೆಗಳಲ್ಲಿ ತಾಯಿಯ ಮೇಲೆ ಇನ್ನೊಂದು ಹೊರೆ ಎಂದಷ್ಟೇ. ಅಪ್ಪ, ಅಜ್ಜಿ, ಅಕ್ಕ ಇವರಲ್ಲಿ ಯಾರು ಏನು ಮಾಡಬೇಕೆಂದು ಹೆಸರು ಹಿಡಿದು ಹಂಚದ ಕಾರ್ಯಕ್ರಮ ಆರು ತಿಂಗಳಲ್ಲಿ ತಾಯಿಯನ್ನು ದಣಿಸಿ ತಾನೂ ನಿಂತುಹೋಗುತ್ತದೆ. ಪಾಲಕರ ಸಂಘವಿರುವ ಕಡೆ ಈ ಹೊರೆ ಸ್ವಲ್ಪ ಇಳಿಯುತ್ತದೆ; ತನ್ನಂಥ ಇನ್ನೊಬ್ಬ ತಾಯಿಯನ್ನು ಕಂಡ ಮೇಲೆ ಹೊರೆಯ ತೂಕವೂ ಬೇರೆಯಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಕಾರ್ಯಕರ್ತರು ಎಷ್ಟೇ ನುರಿತವರಾಗಿರಲಿ, ಕೆಲವು ಕೆಲಸಗಳು ಆಸ್ಪತ್ರೆಯವೇ. ಫಿಟ್ಸ್ ಬರುವ ಮಗುವಿಗೆ ಮಾತ್ರೆ ನಿಲ್ಲಿಸಿ ವ್ಯಾಯಾಮ ಮಾಡಿಸುವುದು ಅಪಾಯ. ಉಣ್ಣುವಾಗ ಪ್ರತಿ ಸಲವೂ ಕೆಮ್ಮುವ, ಪದೇಪದೇ ಎದೆ ಕಟ್ಟುವ ಮಗುವನ್ನು ತಜ್ಞರು ನೋಡಲೇಬೇಕು. ನಡೆಯಲಾಗದ ಸೆರೆಬ್ರಲ್ ಪಾಲ್ಸಿ ಮಕ್ಕಳಲ್ಲಿ ಸೊಂಟದ ಕೀಲು ಸದ್ದಿಲ್ಲದೆ ಜಾರುತ್ತದೆ. ಆರು ತಿಂಗಳಿಗೋ ವರ್ಷಕ್ಕೋ ಒಂದು ಎಕ್ಸ್‌ರೇ ತೆಗೆಸದಿದ್ದರೆ ನೋವು ಶುರುವಾದ ಮೇಲಷ್ಟೇ ಗೊತ್ತಾಗುತ್ತದೆ. ಮಾತು ಬಾರದ ಮಗುವಿನ ಕಿವಿಯನ್ನು ಚಪ್ಪಾಳೆ ತಟ್ಟಿ ಪರೀಕ್ಷಿಸಿ ಸುಮ್ಮನಾಗುವುದು ತಪ್ಪು. ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಆರಂಭವಾಗಬೇಕೆಂಬುದು ಜಗತ್ತೇ ಒಪ್ಪಿದ ಗುರಿ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಂದು ಸಲ ಹೋಗಿಬರುವ ಕಷ್ಟಕ್ಕೆ ಇಲ್ಲಿ ಬೆಲೆಯಿದೆ.

ಆಸ್ಪತ್ರೆ, ಮನೆ ಎರಡನ್ನೂ ಹೆಣೆಯಲೇಬೇಕಾದ ತೊಂದರೆಯೆಂದರೆ ಸೊಟ್ಟಪಾದ. ಹುಟ್ಟಿದ ಮೊದಲ ವಾರಗಳಿಂದಲೇ ಪೊನ್ಸೆಟಿ ವಿಧಾನದಲ್ಲಿ ವಾರಕ್ಕೊಂದರಂತೆ ಐದಾರು ಪ್ಲಾಸ್ಟರ್ ಹಾಕುವುದು ಆಸ್ಪತ್ರೆಯ ಕೆಲಸ. ಎಣ್ಣೆ ತಿಕ್ಕಿ ಸರಿಮಾಡುವ ಮಾತಿಲ್ಲ. ಆದರೆ ಅದರ ನಂತರ ಬ್ರೇಸ್ (ಪಾದಗಳನ್ನು ಸರಿಯಾದ ಕೋನದಲ್ಲಿ ಹಿಡಿದಿಡುವ, ಪಟ್ಟಿಗೆ ಜೋಡಿಸಿದ ಬೂಟು) ಹಾಕಬೇಕು, ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ಸುಮಾರು ನಾಲ್ಕು ವರ್ಷದವರೆಗೆ ರಾತ್ರಿ ಮಲಗುವಾಗ. ಪಾದ ಮತ್ತೆ ಸೊಟ್ಟಗಾಗುವ ಮುಖ್ಯ ಕಾರಣ ಬ್ರೇಸ್ ಬಿಡುವುದು. ಮಗು ಅಳುತ್ತದೆಂದು ಅಜ್ಜಿ ರಾತ್ರಿ ಬಿಚ್ಚಿಡುವುದನ್ನು ಯಾವ ಶಸ್ತ್ರಚಿಕಿತ್ಸಕರೂ ತಡೆಯಲಾರರು. ವಾರಕ್ಕೊಮ್ಮೆ ಮನೆಗೆ ಬರುವವರು ತಡೆಯಬಲ್ಲರು.

ಆಟಿಸಂ ವಿಷಯದಲ್ಲಿ ನಾನು ಎಚ್ಚರಿಕೆಯಿಂದ ಹೇಳುತ್ತೇನೆ. ಹಳ್ಳಿಯ ಕಾರ್ಯಕರ್ತರಿಗೆ ಇದರ ಅನುಭವ ಕಡಿಮೆ, ಪಟ್ಟಣದ ಕೇಂದ್ರಗಳ ಶುಲ್ಕ ಹೆಚ್ಚು. ಪಾಲಕರಿಗೇ ಕಲಿಸುವ ಕೇಂದ್ರದಲ್ಲಿ ಕೆಲವು ವಾರ ಇದ್ದು ಕಲಿತು ಬಂದು ಮನೆಯಲ್ಲಿ ಮುಂದುವರಿಸುವುದು ಮಧ್ಯದ ದಾರಿ. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯಕೀಯ ವಿಭಾಗದಲ್ಲಿ ಮಗುವಿನೊಂದಿಗೆ ಪಾಲಕರನ್ನೂ ಇರಿಸಿಕೊಳ್ಳುವ ಕ್ರಮವಿದೆ. ಇದೇ ಸಂದರ್ಭದಲ್ಲಿ ಲಕ್ಷಗಟ್ಟಲೆ ಕೇಳುವ ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆಯ ಜಾಹೀರಾತೂ ನಿಮ್ಮ ಮೊಬೈಲಿಗೆ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಆಟಿಸಂಗಾಗಲಿ, ಸೆರೆಬ್ರಲ್ ಪಾಲ್ಸಿಗಾಗಲಿ ಅದು ಒಪ್ಪಿತ ಚಿಕಿತ್ಸೆಯಲ್ಲ. ಹೊಲ ಮಾರಬೇಡಿ.

ಶಾಲೆಯ ಪ್ರಶ್ನೆ

ಆರು ವರ್ಷವಾದೊಡನೆ ಹೋಲಿಕೆಯ ಕಣವೇ ಬದಲಾಗುತ್ತದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ವಿಕಲತೆಯಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕನ್ನು 2016ರ ಅಧಿನಿಯಮ ಕೊಟ್ಟಿದೆ. ತೀವ್ರ ವಿಕಲತೆಯಿದ್ದರೆ ಮನೆಯಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳುವ ಅವಕಾಶವೂ ಇದೆ. ಶಿಕ್ಷಣ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿಗಳು, ಅದನ್ನು ನೋಡಿಕೊಳ್ಳುತ್ತಾರೆ. ಇಲ್ಲೊಂದು ಬಲೆಯಿದೆ. ಒಂದು ಇಳಿಜಾರು ಹಾದಿ, ಒಂದು ಸರಿಯಾದ ಕುರ್ಚಿ, ಶೌಚಾಲಯಕ್ಕೆ ಕರೆದೊಯ್ಯುವ ಒಬ್ಬರು ಇದ್ದಿದ್ದರೆ ಶಾಲೆಗೆ ಹೋಗಬಹುದಾಗಿದ್ದ ಮಕ್ಕಳೂ ಮನೆಯಾಧಾರಿತ ಪಟ್ಟಿಯಲ್ಲಿ ಸೇರಿಬಿಡುತ್ತಾರೆ. ಆ ಪಟ್ಟಿಗೆ ಸಹಿ ಹಾಕುವ ಮುನ್ನ, ವಾರಕ್ಕೆ ಎರಡು ದಿನವಾದರೂ ಮಗು ಶಾಲೆಯಲ್ಲಿ ಕೂರುವ ಏರ್ಪಾಡು ಕೇಳಿ. ಗ್ರಾಮ ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗೆ ಮೀಸಲಿಡಬೇಕು. ಶಾಲೆಯ ಇಳಿಜಾರಿನ ಬೇಡಿಕೆಯನ್ನು ವಿಕಲಚೇತನರ ಗ್ರಾಮಸಭೆಯಲ್ಲಿ ಲಿಖಿತವಾಗಿ ಕೊಡಲು ನಿಮಗೆ ಹಕ್ಕಿದೆ.

ಕಾಗದಪತ್ರದ ಕೆಲಸ ಯಾವ ದಾರಿ ಹಿಡಿದರೂ ತಪ್ಪುವುದಿಲ್ಲ. ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್, ಮೊದಲು ಆಗಲಿ. ಬಸ್ ಪಾಸ್, ಪಿಂಚಣಿ, ವಿದ್ಯಾರ್ಥಿವೇತನ ಎಲ್ಲಕ್ಕೂ ಅದೇ ಬುಡ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ವಿಕಲತೆ, ಬಹುವಿಧ ವಿಕಲತೆ ಇರುವವರಿಗೆ ರಾಷ್ಟ್ರೀಯ ನ್ಯಾಸದ ನಿರಾಮಯ ಆರೋಗ್ಯ ವಿಮೆ ಒಂದು ಲಕ್ಷ ರೂಪಾಯಿಯವರೆಗೆ ಸಿಗುತ್ತದೆ, ಅದರಲ್ಲಿ ಥೆರಪಿಯ ಖರ್ಚಿಗೂ ಅವಕಾಶವಿದೆ.

ಹಾಗಾದರೆ ಯಾವುದನ್ನು ಆರಿಸುವುದು

ಜಿಲ್ಲಾ ಕೇಂದ್ರದಿಂದ ದೂರವಿರುವ ಊರು, ಆರು ವರ್ಷದೊಳಗಿನ ಮಗು, ಸೆರೆಬ್ರಲ್ ಪಾಲ್ಸಿ ಅಥವಾ ಬೆಳವಣಿಗೆಯ ವಿಳಂಬ ಎಂದಾದರೆ ನಾನು ಹೇಳುವುದು ಇದು: ಮೂರು ತಿಂಗಳಿಗೊಮ್ಮೆ ಡಿಇಐಸಿ ಅಥವಾ ಒಳ್ಳೆಯ ಕೇಂದ್ರಕ್ಕೆ ಹೋಗಿ ಪರೀಕ್ಷೆ ಮತ್ತು ಮುಂದಿನ ಗುರಿ, ವಾರಕ್ಕೊಮ್ಮೆ ಕಾರ್ಯಕರ್ತರ ಭೇಟಿ, ದಿನವೂ ಮನೆಗೆಲಸದೊಳಗೇ ಬೆರೆತ ಒಂದೋ ಎರಡೋ ಅಭ್ಯಾಸ, ಮೂರು ವರ್ಷವಾಗುತ್ತಲೇ ಅಂಗನವಾಡಿ. ಕೇಂದ್ರ ನಿಮ್ಮ ಮನೆಯಿಂದ ಅರ್ಧ ಗಂಟೆಯೊಳಗಿದ್ದು, ನಿಮ್ಮನ್ನು ಒಳಗೆ ಕೂರಿಸಿಕೊಂಡು ಕಲಿಸುವುದಾದರೆ, ಸಂಕೋಚವಿಲ್ಲದೆ ಅದನ್ನೇ ಮುಖ್ಯವಾಗಿಟ್ಟುಕೊಳ್ಳಿ. ಪಟ್ಟಣದವರು ಹಳ್ಳಿಯ ಮಾದರಿಯನ್ನು ಅನುಸರಿಸಬೇಕಾದ ಕಾರಣವಿಲ್ಲ.

ಸಿಬಿಆರ್ ಕಾರ್ಯಕ್ರಮಕ್ಕೆ ಹೆಸರು ಬರೆಸುವ ಮುನ್ನ ಕಾರ್ಯಕರ್ತರನ್ನು ಕೇಳಿ: ನಿಮ್ಮ ಮೇಲೆ ಯಾವ ಥೆರಪಿಸ್ಟ್ ಇದ್ದಾರೆ, ಅವರು ಮಗುವನ್ನು ಯಾವಾಗ ನೋಡುತ್ತಾರೆ? ಭೇಟಿಗೆ ಬಂದಾಗ ಮಗುವನ್ನು ಮುಟ್ಟುತ್ತೀರಾ, ಇಲ್ಲ ಸಹಿ ಹಾಕಿಸಿಕೊಂಡು ಹೋಗುತ್ತೀರಾ? ಕಾರ್ಯಕ್ರಮ ನಿಂತರೆ ಯಾರಿಗೆ ಒಪ್ಪಿಸುತ್ತೀರಿ? ಹೆಣ್ಣುಮಗುವಾದರೆ, ಅದೂ ಹತ್ತು ದಾಟಿದ್ದರೆ, ಬರುವವರು ಯಾರು ಮತ್ತು ಆ ಹೊತ್ತಿಗೆ ಮನೆಯಲ್ಲಿ ಇನ್ನೊಬ್ಬರು ಇರುತ್ತಾರೆಯೇ ಎಂಬುದನ್ನೂ ನೋಡಿಕೊಳ್ಳಿ.

ದಾರಿ ಯಾವುದೇ ಇರಲಿ, ಆರಂಭಿಸುವ ದಿನ ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೋ ತೆಗೆದಿಡಿ: ಮಗು ಉಣ್ಣುವುದು, ಕೂರುವುದು, ಕರೆದರೆ ತಿರುಗುವುದು. ಮೂರು ತಿಂಗಳ ನಂತರ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಇನ್ನೊಂದು ತೆಗೆಯಿರಿ. ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿ, ಡಿಇಐಸಿಯವರಿಗೂ ತೋರಿಸಿ. ಏನೂ ಬದಲಾಗಿಲ್ಲವೆಂದರೆ ತಪ್ಪು ಮಗುವಿನದೆಂದು ಕೈಚೆಲ್ಲುವ ಮೊದಲು ಅಭ್ಯಾಸವನ್ನು ಬದಲಿಸಲು ಹೇಳಿ. ಆಗಲೂ ಬದಲಾಗದಿದ್ದರೆ ದಾರಿಯನ್ನೇ ಬದಲಿಸಿ.